ತೋಟದ ಲೆಕ್ಕದ ಪುಸ್ತಕ ವಿಜ್ಞಾನಿಗಳ ಸಮ್ಮೇಳನಕ್ಕೂ ಹೋಗಲಿ
ಭೂದೃಶ್ಯ ಪರಿಸರ ವಿಜ್ಞಾನಕ್ಕೆ ಸಂಶೋಧನಾ ಸಾರಾಂಶ ಕಳುಹಿಸುವ ಬಗೆ

ಮಲೆನಾಡಿನ ಹಳೆಯ ಕಾಫಿ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕವಿಲ್ಲದ ಮನೆ ಅಪರೂಪ. ಬೆಳಿಗ್ಗೆ ಎದ್ದು ಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನಡೆದುಬಂದಿದೆ. ಅಡಿಕೆ ತೋಟದವರಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಿದ ದಿನ, ಕೊಯ್ದ ಕೊನೆಗಳ ಲೆಕ್ಕ, ಬೆಟ್ಟದಿಂದ ತಂದ ಸೊಪ್ಪಿನ ಹೊರೆಗಳ ಲೆಕ್ಕ ಇರುತ್ತವೆ. ಈ ಲೆಕ್ಕಗಳಿಗೆ ತೋಟದ ಬೇಲಿಯಾಚೆಗೂ ಬೆಲೆಯಿದೆ ಎಂಬುದನ್ನು ಸದಸ್ಯ ಬಾಂಧವರ, ಅದರಲ್ಲೂ ಕಾಲೇಜುಗಳಲ್ಲಿ ಓದುತ್ತಿರುವ ಅವರ ಮಕ್ಕಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಏನಿದು ಭೂದೃಶ್ಯ ಪರಿಸರ ವಿಜ್ಞಾನ?

ಒಂದು ಗಿಡವನ್ನೋ ಒಂದು ಹುಳುವನ್ನೋ ಬಿಡಿಯಾಗಿ ನೋಡದೆ, ಕಾಡು, ತೋಟ, ಗದ್ದೆ, ಕೆರೆ, ಊರು, ರಸ್ತೆ ಇವೆಲ್ಲ ಅಕ್ಕಪಕ್ಕದಲ್ಲಿದ್ದಾಗ ಒಂದರಿಂದ ಇನ್ನೊಂದಕ್ಕೆ ಏನಾಗುತ್ತದೆ ಎಂದು ನೋಡುವುದೇ ಈ ಶಾಸ್ತ್ರ. ಜರ್ಮನಿಯ ಭೂಗೋಳಶಾಸ್ತ್ರಜ್ಞ ಕಾರ್ಲ್ ಟ್ರೋಲ್ ಎಂಬವರು 1939ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ಅಭ್ಯಸಿಸುವಾಗ ಅವರಿಗೆ ಈ ಯೋಚನೆ ಹೊಳೆಯಿತು. 1982ರಲ್ಲಿ ಆಗಿನ ಜೆಕೊಸ್ಲೊವಾಕಿಯದಲ್ಲಿ ಇದರ ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಸಂಘದ ವಿಶ್ವ ಸಮ್ಮೇಳನ ನಾಲ್ಕು ವರ್ಷಕ್ಕೊಮ್ಮೆ ಸೇರುತ್ತದೆ. 2019ರಲ್ಲಿ ಇಟಲಿಯ ಮಿಲಾನಿನಲ್ಲೂ 2023ರಲ್ಲಿ ಕೀನ್ಯಾದ ನೈರೋಬಿಯಲ್ಲೂ ಅದು ನಡೆಯಿತು.

ನಮ್ಮ ಸೀಮೆಗೆ ಈ ಶಾಸ್ತ್ರ ಹೊಸದಲ್ಲ. ಕೊಡಗಿನ ದೇವರಕಾಡು, ಮೀಸಲು ಅರಣ್ಯ ಮತ್ತು ಕಾಫಿ ತೋಟ ಈ ಮೂರರಲ್ಲೂ ಇರುವ ಮರ, ಹಕ್ಕಿ ಮತ್ತು ಅಣಬೆಗಳನ್ನು ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪೊನ್ನಂಪೇಟೆ ಅರಣ್ಯ ಕಾಲೇಜಿನ ವಿಜ್ಞಾನಿಗಳೂ ಅದರಲ್ಲಿ ಭಾಗಿಗಳು. ಉತ್ತರ ಕನ್ನಡದ ಅಡಿಕೆ ತೋಟ ಮತ್ತು ಸೊಪ್ಪಿನ ಬೆಟ್ಟಗಳ ಹಕ್ಕಿಗಳ ಬಗ್ಗೆ 2008ರಲ್ಲಿ ಅಮೆರಿಕದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಪ್ರಬಂಧ ಬಂತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬೇಸಾಯ ನಡೆದ ನೆಲದಲ್ಲಿ ಕಾಡಿನ ಹಕ್ಕಿಗಳು ಹೇಗೆ ಉಳಿದುಕೊಂಡವು ಎಂಬುದು ಅದರ ಪ್ರಶ್ನೆ. ಬೆಟ್ಟದ ಸೊಪ್ಪು, ಅಡಿಕೆಯ ನೆರಳು, ಕಾಡಿನ ನಂಟು ಇವೆಲ್ಲ ಕೂಡಿದ ನಮ್ಮ ಹಿರಿಯರ ಬೇಸಾಯಕ್ಕೇ ಅದರ ಉತ್ತರದಲ್ಲಿ ಪ್ರಮುಖ ಸ್ಥಾನ ಸಿಕ್ಕಿತು. ಕೊಡಗಿನ ರೊಬಸ್ಟಾ ಹೂವಿಗೆ ಬರುವ ಜೇನುಗಳ ಬಗ್ಗೆ 2012 ಮತ್ತು 2013ರಲ್ಲಿ ಪ್ರಕಟವಾದ ಅಧ್ಯಯನಗಳು ಹೆಜ್ಜೇನಿನ ಮಹತ್ವವನ್ನು ಎತ್ತಿ ತೋರಿಸಿದವು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಇದು ನಮ್ಮ ಫಸಲಿನ ವಿಷಯವೇ ಆಗಿದೆ.

ನಮಗೇಕೆ ಬೇಕು?

ಮೇಲಿನಿಂದ ನೋಡುವ ಕಣ್ಣಿಗೆ ನೆರಳಿನ ಕಾಫಿ ತೋಟವೂ ಹಸಿರೇ, ಕಾಡೂ ಹಸಿರೇ. 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಾಗ ಮಲೆನಾಡಿನಲ್ಲಿ ಎದ್ದ ಆಕ್ಷೇಪಗಳಲ್ಲಿ ಇದು ಮುಖ್ಯವಾದದ್ದು. ಉಪಗ್ರಹ ಚಿತ್ರ ನೋಡಿ ಗಡಿ ಎಳೆದರೆ ಮರಗಳ ಕೆಳಗಿರುವ ಕಾಫಿ, ಏಲಕ್ಕಿ, ಅಡಿಕೆ ಕಾಣುವುದೆಂತು ಎಂದು ಬೆಳೆಗಾರರು ಕೇಳಿದರು. ವರದಿಯ ಆಧಾರದ ಮೇಲೆ ಹೊರಟ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಸೂಕ್ಷ್ಮ ವಲಯದಲ್ಲಿ ಸೇರಿತ್ತು.

ಐರೋಪ್ಯ ಒಕ್ಕೂಟವು 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮ ಇನ್ನೊಂದು ಉದಾಹರಣೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶವನ್ನೂ ಕೊಡಬೇಕು. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಲಾಗಿದ್ದರೂ ನಮ್ಮ ಕಾಫಿಗೆ ಇಟಲಿ, ಜರ್ಮನಿಗಳು ದೊಡ್ಡ ಗಿರಾಕಿಗಳಾಗಿರುವುದರಿಂದ ಇದನ್ನು ಅಲಕ್ಷಿಸುವಂತಿಲ್ಲ. ಯಾವುದು ತೋಟ, ಯಾವುದು ಕಾಡು, ಯಾವ ಮರ ಯಾವ ವರ್ಷ ಕಡಿದದ್ದು ಎಂಬುದಕ್ಕೆ ಬಾಯಿಮಾತಿನ ಸಾಕ್ಷಿ ಸಾಲದು. ಬರೆದಿಟ್ಟ, ವಿಜ್ಞಾನಿಗಳು ಪರಿಶೀಲಿಸಿದ ಸಾಕ್ಷಿ ಬೇಕು. ಅದು ತಯಾರಾಗುವ ಮೊದಲ ಮೆಟ್ಟಿಲುಗಳಲ್ಲಿ ಸಮ್ಮೇಳನವೂ ಒಂದು, ಸಮ್ಮೇಳನದ ಬಾಗಿಲು ಸಾರಾಂಶ.

ಸಾರಾಂಶ ಬರೆಯುವ ಕ್ರಮ

ಅಬ್‌ಸ್ಟ್ರಾಕ್ಟ್ ಎಂದು ಕರೆಯುವ ಈ ಸಾರಾಂಶ ಸಾಮಾನ್ಯವಾಗಿ ಇನ್ನೂರೈವತ್ತು ಮುನ್ನೂರು ಪದಗಳ ಒಂದೇ ಖಂಡಿಕೆ. ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಇಂಗ್ಲಿಷಿನಲ್ಲಿರಬೇಕು. ಓದಿ ಆರಿಸುವವರ ಮುಂದೆ ನೂರಾರು ಸಾರಾಂಶಗಳ ರಾಶಿಯಿರುತ್ತದೆ. ಆದ್ದರಿಂದ ಮಾತು ನೇರವಾಗಿರಲಿ. ಈ ಐದು ಅಂಶಗಳು ಕ್ರಮವಾಗಿ ಬಂದರೆ ಸಾಕು.

1. ಸಮಸ್ಯೆ: ಒಂದೆರಡು ವಾಕ್ಯ. ಪಶ್ಚಿಮ ಘಟ್ಟದ ವರ್ಣನೆಗೆ ಅರ್ಧ ಪುಟ ಕಳೆಯಬಾರದು.

2. ಪ್ರಶ್ನೆ: ‘ಕಾಡು ಹತ್ತಿರವಿದ್ದರೆ ತೋಟಕ್ಕೆ ಒಳ್ಳೆಯದೇ’ ಎಂಬುದು ಅಳೆಯಲಾಗದ ಪ್ರಶ್ನೆ. ‘ದೇವರಕಾಡಿನಿಂದ ದೂರ ಹೋದಂತೆ ರೊಬಸ್ಟಾ ಹೂವಿಗೆ ಬರುವ ಹೆಜ್ಜೇನುಗಳ ಸಂಖ್ಯೆ ಕಡಿಮೆಯಾಗುತ್ತದೆಯೇ’ ಎಂಬುದು ಅಳೆಯಬಹುದಾದ ಪ್ರಶ್ನೆ.

3. ವಿಧಾನ: ಎಲ್ಲಿ, ಎಷ್ಟು ತೋಟ, ಎಷ್ಟು ವರ್ಷ, ಹೇಗೆ ಎಣಿಸಿದ್ದು. ನಮ್ಮ ಅಳತೆಗಳನ್ನು ಅವರ ಅಳತೆಗೆ ತರಬೇಕು. ಮಳೆಯ ಒಂದು ಇಂಚೆಂದರೆ 25.4 ಮಿಲಿಮೀಟರ್, ಒಂದು ಸೆಂಟೆಂದರೆ ಅದರ ನೂರರಲ್ಲೊಂದು ಪಾಲು. ಎರಡೂವರೆ ಎಕರೆಗೆ ಸುಮಾರು ಒಂದು ಹೆಕ್ಟೇರ್.

4. ಫಲಿತಾಂಶ: ಸಾರಾಂಶದ ಜೀವಾಳ ಇದು. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂದು ಬರೆದರೆ ಓದುವವರಿಗೆ ಏನೂ ಸಿಕ್ಕಂತಾಗುವುದಿಲ್ಲ. ಸಂಖ್ಯೆ ಕೊಡಿ. ಅಂದುಕೊಂಡದ್ದಕ್ಕೆ ವಿರುದ್ಧವಾದ ಸಂಖ್ಯೆ ಬಂದಿದ್ದರೂ ಅದನ್ನೇ ಕೊಡಿ.

5. ಅರ್ಥ: ಇದರಿಂದ ಬೇರೆ ಸೀಮೆಯವರು ಕಲಿಯಬಹುದಾದದ್ದೇನು? ಹತ್ತು ತೋಟಗಳಲ್ಲಿ ನೋಡಿದ್ದನ್ನು ಇಡೀ ಘಟ್ಟಕ್ಕೆ ಅನ್ವಯಿಸಿ ಹೇಳಬಾರದು.

ಶೀರ್ಷಿಕೆಯಲ್ಲಿ ಬೆಳೆ, ಸ್ಥಳ ಮತ್ತು ಪ್ರಶ್ನೆ ಮೂರೂ ಕಾಣುವಂತಿರಲಿ. ಸೊಪ್ಪಿನ ಬೆಟ್ಟ, ಬಾಣೆ, ದೇವರಕಾಡುಗಳಂಥ ನಮ್ಮ ಮಾತುಗಳನ್ನು ಬಿಡಬೇಕಾಗಿಲ್ಲ. ಮೊದಲ ಸಲ ಬಂದಾಗ ಅರ್ಥ ಕೊಟ್ಟು ಹಾಗೆಯೇ ಉಳಿಸಬಹುದು. ಈ ಶಾಸ್ತ್ರದವರಿಗೆ ಬೇಕಾಗಿರುವುದೂ ಇಂಥ ಸ್ಥಳೀಯ ವಿವರವೇ.

ಕಳುಹಿಸುವ ಮುನ್ನ

ಸಮ್ಮೇಳನಕ್ಕೆ ತಿಂಗಳುಗಟ್ಟಲೆ ಮೊದಲೇ ಸಾರಾಂಶದ ಕೊನೆಯ ದಿನಾಂಕ ಮುಗಿದುಹೋಗುತ್ತದೆ. ಕಾಫಿ ಕೊಯ್ಲು, ಅಡಿಕೆ ಸುಲಿತದ ಗಡಿಬಿಡಿಯಲ್ಲಿ ಇದು ಮರೆತುಹೋಗದಂತೆ ನೋಡಿಕೊಳ್ಳಿ. ಸಮ್ಮೇಳನದಲ್ಲಿ ಹಲವು ಗೋಷ್ಠಿಗಳಿರುತ್ತವೆ. ಕೃಷಿ ಅರಣ್ಯ, ಪರಾಗಸ್ಪರ್ಶ, ವನ್ಯಪ್ರಾಣಿಗಳ ಹಾದಿ ಇತ್ಯಾದಿಗಳಲ್ಲಿ ನಿಮ್ಮ ವಿಷಯಕ್ಕೆ ಹೊಂದುವುದನ್ನು ಆರಿಸಿ ನಮೂದಿಸಬೇಕು. ಭಾಷಣವೋ ಪೋಸ್ಟರೋ ಎಂಬುದನ್ನೂ ಕೇಳುತ್ತಾರೆ. ಮೊದಲ ಬಾರಿಗೆ ಹೋಗುವವರಿಗೆ ಪೋಸ್ಟರ್ ಕೀಳೇನೂ ಅಲ್ಲ. ಅದರ ಮುಂದೆ ನಿಂತು ಒಬ್ಬೊಬ್ಬರ ಜೊತೆ ನಿಧಾನವಾಗಿ ಮಾತಾಡುವ ಅವಕಾಶ ಸಿಗುತ್ತದೆ. ಸಾರಾಂಶ ಒಪ್ಪಿಗೆಯಾದರೂ ಪ್ರವೇಶ ಶುಲ್ಕ, ಪ್ರಯಾಣದ ಖರ್ಚು ಬೇರೆ ಇರುತ್ತವೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಎರಡು ಎಚ್ಚರಿಕೆಗಳು. ಹೆಸರಿಗೆ ಮಾತ್ರ ಅಂತರರಾಷ್ಟ್ರೀಯವಾದ ಹುಸಿ ಸಮ್ಮೇಳನಗಳು ಈಗ ಬಹಳ. ಹೊಗಳಿ ಪತ್ರ ಬರೆದು, ಕಳುಹಿಸಿದ ಮರುದಿನವೇ ಒಪ್ಪಿಗೆ ಕೊಟ್ಟು, ಹಣ ಕಟ್ಟಿ ಎನ್ನುವವರಿಂದ ದೂರವಿರಬೇಕು. ಸಂಘಟಕರು ಯಾರು, ಹಿಂದಿನ ಸಮ್ಮೇಳನ ಎಲ್ಲಿ ನಡೆಯಿತು ಎಂದು ಕಾಲೇಜಿನ ಪ್ರಾಧ್ಯಾಪಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಎರಡನೆಯದು ನಮ್ಮ ಹಕ್ಕಿನ ಮಾತು. ನಿಮ್ಮ ಮಳೆ ಪುಸ್ತಕವನ್ನೋ ಮರಗಳ ಲೆಕ್ಕವನ್ನೋ ಸಂಶೋಧಕರು ಕೇಳಿದರೆ ಸಂತೋಷದಿಂದ ಕೊಡಿ. ಆದರೆ ಯಾತಕ್ಕೆ ಬಳಸುತ್ತಾರೆ, ತೋಟದ ಗುರುತು ಹೊರಬೀಳುತ್ತದೆಯೇ, ನಿಮ್ಮ ಹೆಸರನ್ನು ಎಲ್ಲಿ ಸ್ಮರಿಸುತ್ತಾರೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಮೂಲ ಪುಸ್ತಕ ಕೊಡದೆ ನಕಲು ಕೊಡುವುದೇ ಲೇಸು. ಅಧ್ಯಯನದಲ್ಲಿ ನಿಜವಾಗಿ ದುಡಿದ ಬೆಳೆಗಾರನಿಗೆ ಸಹಲೇಖಕನ ಸ್ಥಾನ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಈಗಲೇ ಮಾಡಬಹುದಾದದ್ದು

ಹಳೆಯ ಮಳೆ ಪುಸ್ತಕಗಳನ್ನು ಗೆದ್ದಲು ಹಿಡಿಯುವ ಮೊದಲು ಹೊರತೆಗೆದು, ಹಾಳೆ ಹಾಳೆಯಾಗಿ ಚಿತ್ರ ತೆಗೆದಿಡಿ. ಮಾಪಕ ಬದಲಾದ ವರ್ಷ, ಅದರ ಜಾಗ ಬದಲಾದ ವರ್ಷಗಳನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಇದಿಲ್ಲದಿದ್ದರೆ ಮಳೆ ಬದಲಾಯಿತೋ ಮಾಪಕ ಬದಲಾಯಿತೋ ತಿಳಿಯದು. ಈ ವರ್ಷದ ಹೂಮಳೆ ಬಿದ್ದ ದಿನ, ಹೂ ಅರಳಿದ ದಿನ, ಹೆಜ್ಜೇನು ಕಂಡ ದಿನ ಮೂರನ್ನೂ ಬರೆದಿಡಿ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ್ದರೆ ಆ ವರ್ಷವನ್ನೂ ಮರಗಳ ಸಂಖ್ಯೆಯನ್ನೂ ಮುಚ್ಚುಮರೆಯಿಲ್ಲದೆ ನಮೂದಿಸಿ. ಅನುಕೂಲವಾದದ್ದನ್ನಷ್ಟೇ ಬರೆದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಒಂದೇ ತೋಟದ ಲೆಕ್ಕದಿಂದ ಸಾರಾಂಶ ಆಗುವುದು ಕಷ್ಟ. ಒಂದು ಹೋಬಳಿಯ ಹತ್ತು ಹದಿನೈದು ಸದಸ್ಯರು ಲೆಕ್ಕಗಳನ್ನು ಕೂಡಿಸಿದರೆ ಅದೇ ಒಂದು ಭೂದೃಶ್ಯವಾಗುತ್ತದೆ. ಹತ್ತಿರದ ಅರಣ್ಯ ಅಥವಾ ತೋಟಗಾರಿಕೆ ಕಾಲೇಜಿನವರನ್ನೋ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವನ್ನೋ, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರವನ್ನೋ ಸಂಪರ್ಕಿಸಿ ಮುಂದುವರಿಯಬಹುದು. ನಮ್ಮ ನೆಲದ ಬಗ್ಗೆ ದೂರದವರು ತೀರ್ಮಾನ ಮಾಡುವುದನ್ನು ತಡೆಯಲು ನಮ್ಮಿಂದಾಗದು. ಆ ತೀರ್ಮಾನದ ಮೇಜಿನ ಮೇಲೆ ನಮ್ಮ ಲೆಕ್ಕವೂ ಇರುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಒಟ್ಟುಗೂಡಿ ಅಡಿಕೆ ಕಾಫಿ ಮಾರಲು ಕಲಿತ ನಮಗೆ ಒಟ್ಟುಗೂಡಿ ಲೆಕ್ಕ ಬರೆಯುವುದು ಕಷ್ಟವಾಗಲಾರದು.