ನಿಮಗಿದು ಗೊತ್ತೆ?: ಶಿರದಲ್ಲಿ ಪೆಟ್ಟಿಗೆ ಹೊತ್ತ ಅಕ್ಷರಗಳು

ಅಂಕೋಲೆಯಿಂದ ಕಾರವಾರಕ್ಕೆ ಕಡಲ ಬದಿಯ ಹೆದ್ದಾರಿಯಲ್ಲಿ ಸಾಗುವವರಿಗೆ ಊರು ಸಮೀಪಿಸುವ ಮುನ್ನವೇ ಎದುರಾಗುವ, 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಯು ‘ಕದಂಬ’ವೆಂಬ ನಾಮವನ್ನು ಧರಿಸಿರುವುದು ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ಅರಸುಕುಲದ ಸ್ಮರಣೆಗಾಗಿ. ಆ ಕುಲದ ಮೂಲವೃತ್ತಾಂತವನ್ನು ಸಂಸ್ಕೃತ ಪದ್ಯಗಳಲ್ಲಿ ಸಾರುವ ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವನ್ನು ನೋಡಿದವರಿಗೆ, ಓದುವುದಕ್ಕೆ ಮೊದಲೇ ಒಂದು ಗಾಂಭೀರ್ಯವು ಮನಸ್ಸಿಗೆ ತಟ್ಟುವುದು. ಏಕೆಂದರೆ ಅಲ್ಲಿಯ ಪ್ರತಿ ಅಕ್ಷರದ ನೆತ್ತಿಯ ಮೇಲೂ ಪುಟ್ಟದೊಂದು ಚೌಕವುಂಟು. ಲಿಪಿಜ್ಞರು ಇದನ್ನು ಪೇಟಿಕಾಶಿರವೆನ್ನುತ್ತಾರೆ. ಕಲ್ಲಿನಲ್ಲಿ ಇಂಥ ಅಲಂಕಾರವನ್ನು ತೋಡುವುದು ಶ್ರಮದ ಕೆಲಸ. ಆದರೂ ಕವಿಯಾದ ಕುಬ್ಜನು ತನ್ನ ಕಾವ್ಯವನ್ನು ತಾನೇ ಶಿಲೆಯಲ್ಲಿ ಬರೆದನೆಂದು ಶಾಸನವೇ ಹೇಳುತ್ತದೆ. ಪದದಷ್ಟೇ ಅದರ ರೂಪವನ್ನೂ ಕವಿಯೇ ನಿರ್ಣಯಿಸಿದ ಇಂಥ ನಿದರ್ಶನ ವಿರಳವೆಂದೇ ನನ್ನ ಭಾವನೆ.

ಅಕ್ಷರದ ರೂಪವು ಅದರ ಕೆಲಸಕ್ಕೆ ಒಪ್ಪುವಂತಿರಬೇಕಷ್ಟೆ. ಕಾರವಾರ ರೈಲು ನಿಲ್ದಾಣದ ಹಳದಿ ಫಲಕದ ಮೇಲಿನ ನಿರಾಭರಣವಾದ ದಪ್ಪ ಕಪ್ಪಕ್ಷರಗಳಿಗೆ ದೂರದಿಂದ ಕಾಣುವುದಷ್ಟೇ ಕರ್ತವ್ಯ. ಅದೇ ಅಕ್ಷರಗಳಲ್ಲಿ ಲಗ್ನಪತ್ರಿಕೆಯನ್ನು ಮುದ್ರಿಸಿದರೆ ಬಂಧುಗಳು ಅದನ್ನು ಕೋರ್ಟಿನ ನೋಟೀಸೆಂದು ಭ್ರಮಿಸಿಯಾರು!

ವಿಜ್ಞಾನಿಗಳೂ ಈ ಪೇಚಿಗೆ ಹೊರತಲ್ಲ. 2012ರ ಜುಲೈ 4ರಂದು ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಕಣದ ಕುರುಹನ್ನು ಫಾಬಿಯೋಲಾ ಜಾನೊಟ್ಟಿಯವರು ಜಗತ್ತಿಗೆ ವಿವರಿಸಿದಾಗ, ಅವರ ಚಿತ್ರಪಟಗಳು ಚಿತ್ರಕಥೆಗಳ ಅಕ್ಷರವನ್ನನುಸರಿಸಿ 1994ರಲ್ಲಿ ರೂಪಿಸಲಾದ ‘ಕಾಮಿಕ್ ಸ್ಯಾನ್ಸ್’ ಎಂಬ ಲಘುಶೈಲಿಯ ಅಕ್ಷರಗಳಲ್ಲಿದ್ದವು. ಅನೇಕರು ಕಣವನ್ನು ಬಿಟ್ಟು ಅಕ್ಷರವನ್ನೇ ಹಿಡಿದು ಪರಿಹಾಸ್ಯ ಮಾಡಿದರು.