ಗೇಟು ಹೊಳೆಪಾಲಾತು, ಬದಲಿ ಎಲ್ಲಿತ್ತು?

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯ ತುಂಬಿ ನಿಂತಿತ್ತು. ಗಂಗಾವತಿ ಸೀಮೆಯ ಭತ್ತದ ರೈತರು "ಈ ವರ್ಷ ಚಿಂತಿ ಇಲ್ಲ ಬಿಡ್ರಿ" ಎನ್ನುತ್ತ ನಾಟಿಯ ಗಡಿಬಿಡಿಯಲ್ಲಿದ್ದರು. ಆ ನಡುರಾತ್ರಿಯಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಕಬ್ಬಿಣದ ಬಾಗಿಲು ಹೊಳೆಪಾಲಾಯಿತು.

ಒಂದೇ ಬಾಗಿಲ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕಾಲುವೆಗೆ ಹರಿಯಬೇಕಾದ ನೀರು ದಿನಾ ಹೊಳೆಗೆ ಹರಿಯಿತು. ಮುನಿರಾಬಾದಿನ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕಂಡದ್ದು ನೀರನ್ನಲ್ಲ, ಎರಡನೇ ಬೆಳೆಯನ್ನು!

ಜಲಾಶಯ ಕಟ್ಟಿ ಏಳು ದಶಕಗಳಾಗಿದ್ದವು. 33 ಗೇಟುಗಳಲ್ಲಿ ಒಂದು ಕೈಕೊಟ್ಟರೆ ಆ ಜಾಗಕ್ಕೆ ಇಳಿಸಲು ಒಂದು ಬದಲಿ ಹಲಗೆಯಾದರೂ ಸಿದ್ಧವಿತ್ತೇ? ಇರಲಿಲ್ಲ. ಮನೆಯಲ್ಲಿ ಲಾಟೀನು ಇಟ್ಟುಕೊಳ್ಳುವ ನಾವು 105 ಟಿಎಂಸಿ ನೀರಿಗೆ ಒಂದು ಲಾಟೀನು ಇಟ್ಟಿರಲಿಲ್ಲ.

ಗೇಟಿನ ತಳಮಟ್ಟಕ್ಕೆ ನೀರು ಇಳಿಯುವ ತನಕ ಕಾಯುವುದೆಂದರೆ ಸುಮಾರು 60 ಟಿಎಂಸಿ ಖಾಲಿ. ಆಗ ನೆನಪಾದವರು ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು. ವಯಸ್ಸು ಎಪ್ಪತ್ತು ದಾಟಿತ್ತು. ಈ ಗೇಟುಗಳ ಒಳಗುಟ್ಟು ತಲೆಯಲ್ಲಿತ್ತು. ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸೋಣವೆಂದರು. ಹೊಸಪೇಟೆ ಭಾಗದ ಕಾರ್ಖಾನೆಗಳಲ್ಲಿ ಹಗಲುರಾತ್ರಿ ವೆಲ್ಡಿಂಗ್ ನಡೆದು ಐದು ತುಂಡುಗಳು ತಯಾರಾದವು. ಕ್ರೇನಿಗೆ ನೇತಾಡುವ ಟನ್ನುಗಟ್ಟಲೆ ಉಕ್ಕನ್ನು ಭೋರ್ಗರೆವ ನೀರಿನ ಮೇಲೆ ಕೈಯಿಂದ ತಳ್ಳಿ, ಕಣ್ಣಳತೆಯಿಂದ ಸರಿಪಡಿಸಿ ಸಂದಿಗೆ ಕೂಡಿಸಿದವರು ಕೂಲಿ ಕಾರ್ಮಿಕರು. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು, 17ರಂದು ಕೆಲಸ ಮುಗಿಯಿತು. ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಟಿಎಂಸಿ ಹೋಗಿತ್ತು. ಆ ವರ್ಷ ಮಳೆರಾಯ ಕೈಹಿಡಿದ, ಸೆಪ್ಟೆಂಬರಿನಲ್ಲಿ ಮತ್ತೆ ತುಂಬಿತು. ಮಳೆಯನ್ನು ಬದಲಿ ವ್ಯವಸ್ಥೆ ಎಂದು ಯಾವ ಕಡತದಲ್ಲೂ ಬರೆದುಕೊಳ್ಳಲಾಗದು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 2025ರಲ್ಲಿ ಹಳೇ ಗೇಟುಗಳ ಭಯಕ್ಕೆ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸಿದರು. ಗೇಟು ಬದಲಿಸಬೇಕೆಂದು ಎರಡನೇ ಬೆಳೆಗೆ ನೀರೂ ಇಲ್ಲವಾಯಿತು. ಭತ್ತದ ದುಡ್ಡು ತಿರುಗದಿದ್ದರೆ ಗಂಗಾವತಿಯ ಅಕ್ಕಿ ಗಿರಣಿಯಿಂದ ಜವಳಿ ಅಂಗಡಿಯ ತನಕ ಗಲ್ಲಾಪೆಟ್ಟಿಗೆ ಸಪ್ಪಗಾಗುತ್ತದೆ, ಇದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

ಬರೀ ಸರಕಾರವನ್ನು ಬೈದರೂ ಆಗದು. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಹಲವು ಗಂಟೆ ಕೈಕೊಟ್ಟಿತು. "ಫೋನ್ ಪೇ ಹೋಗವಲ್ದ್ರೀ" ಎಂದು ಗಿರಾಕಿ ನಿಂತಾಗ ಕೆಲಸಕ್ಕೆ ಬರುವುದು ಡ್ರಾವರಿನ ಚಿಲ್ಲರೆ ಮತ್ತು ಉದ್ರಿ ಪುಸ್ತಕ. ಕುಷ್ಟಗಿ, ಯಲಬುರ್ಗಾದ ಒಣಭೂಮಿ ಹಳ್ಳಿಯಲ್ಲಿ ಕರೆಂಟು ಹೋಗಿ ಬೋರಿನ ಮೋಟಾರು ನಿಂತರೆ ಕೊಡ ತುಂಬಬೇಕಾದದ್ದು ಕೈಪಂಪು. ಅದರ ವಾಷರ್ ಸವೆದಿದೆಯೋ ಇಲ್ಲವೋ ಯಾರು ನೋಡಿದ್ದಾರೆ? ಬಿಚ್ಚಿ ಕೂಡಿಸಲು ಬರುವವರು ಊರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಪಂಚಾಯತಿಯವರು ಬೇಸಿಗೆಗೆ ಮುಂಚೆ ಒಂದು ಸುತ್ತು ಹಾಕಿ ಬರಲಿ.