ನಿಮಗಿದು ಗೊತ್ತೆ? ಬಾಯಿ ಬಿಟ್ಟರೂ ಫೌಲ್, ಮುಚ್ಚಿಸಿದರೂ ಫೌಲ್!

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹೊನಲು ಬೆಳಕಿನ ಕಬಡ್ಡಿಯಲ್ಲಿ ತೊಡೆ ತಟ್ಟಿ ಕೆಣಕದಿದ್ದರೆ ಆಟಕ್ಕೆ ಕಳೆಯೇ ಇಲ್ಲ. ಆದರೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಬಂದ ರೈಡರ್‌ನ ಬಾಯಿ ಮುಚ್ಚುವುದು, ಕತ್ತು ಹಿಸುಕುವುದು, ಕಾಲುಗಳಿಂದ ಕತ್ತರಿ ಹಾಕುವುದು ಫೌಲ್. ಅಂಪೈರ್ ಬಗ್ಗೆ ಹಗುರವಾಗಿ ಮಾತಾಡುವುದೂ ಅದೇ ಪಟ್ಟಿಯಲ್ಲಿದೆ! ಹಸಿರು ಕಾರ್ಡ್ ಎಚ್ಚರಿಕೆ. ಹಳದಿಗೆ 2 ನಿಮಿಷ ಹೊರಗೆ. ಕೆಂಪು ಬಂದರೆ ಆ ಪಂದ್ಯ ಮುಗಿದಂತೆ.

ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಇನ್ನೂ ಬಿಗಿ. 2014ರಲ್ಲಿ ತಂದ ಕಪ್ಪು ಕಾರ್ಡ್, ಬೇಕೆಂದೇ ಎಡವಿಸಿ ಬೀಳಿಸುವವರ ಜತೆಗೆ ಎದುರಾಳಿಯನ್ನು ಬೈದು ಕೆರಳಿಸುವವರಿಗೂ ಅನ್ವಯಿಸಿತು. ಆಗ ಬದಲಿ ಆಟಗಾರ ಬರಬಹುದಿತ್ತು. 2020ರಿಂದ 10 ನಿಮಿಷ ಹೊರಗೆ, ಅಷ್ಟು ಹೊತ್ತು ಬದಲಿಯೂ ಇಲ್ಲ.